ದಿನಕ್ಕೊಮ್ಮೆ ಅಂಗಾಲು ನೋಡಿ

ನರ್ಸ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ನನ್ನ ಮನೆಗೆ ಬಂದರೆ ಹೆರಿಗೆಯ ಬಗ್ಗೆ ಕೇಳುತ್ತಾರೆ, ಲಸಿಕೆಯ ಬಗ್ಗೆ ಕೇಳುತ್ತಾರೆ. ಚರ್ಮದ ಬಗ್ಗೆ ಯಾರೂ ಕೇಳುವುದಿಲ್ಲ. ಅವರ ವಯಸ್ಸಿನಲ್ಲಿ ನಾನೂ ಕೇಳಿರಲಿಲ್ಲ. ಬಾಗಲಕೋಟೆಯಲ್ಲಿ ತರಬೇತಿ ಮುಗಿಸಿ ಕೆರೂರ ಹತ್ತಿರದ ಒಂದು ಉಪಕೇಂದ್ರಕ್ಕೆ ಬಂದಾಗ ನನಗೆ ಇಪ್ಪತ್ತೆರಡು. ಊರವರ ಬಾಯಲ್ಲಿ ನಾನು ನರ್ಸಬಾಯಿ. ನನ್ನ ಹೆಸರು ರಜಿಯಾ ಎಂಬುದು ಮೊದಲ ಒಂದು ವರ್ಷ ಯಾರಿಗೂ ಬೇಕಾಗಲಿಲ್ಲ.

ಚರ್ಮವೆಂದರೆ ಮೈಮೇಲಿನ ಹೊದಿಕೆ, ತೊಳೆದರೆ ಸ್ವಚ್ಛ, ತೊಳೆಯದಿದ್ದರೆ ಕಜ್ಜಿ. ನನಗೆ ಗೊತ್ತಿದ್ದದ್ದು ಇಷ್ಟೇ. ಇಷ್ಟನ್ನೇ ನಂಬಿಕೊಂಡು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಆ ಊರಿನಲ್ಲಿ ಹೆಣ್ಣುಮಕ್ಕಳ ಒಂದು ಹಾಸ್ಟೆಲ್ ಇತ್ತು. ಚಳಿಗಾಲದಲ್ಲಿ ಹತ್ತಿಪ್ಪತ್ತು ಹುಡುಗಿಯರಿಗೆ ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಹೊಟ್ಟೆಯ ಮೇಲೆ ಕಜ್ಜಿ ಎದ್ದಿತು. ರಾತ್ರಿಯಾದರೆ ತುರಿಕೆ ತಡೆಯಲಾಗುತ್ತಿರಲಿಲ್ಲ. ನಾನು ತುರಿಸಿಕೊಳ್ಳುವ ಹುಡುಗಿಯರನ್ನಷ್ಟೇ ಸಾಲಾಗಿ ನಿಲ್ಲಿಸಿ, ತುರಿಸುವ ಜಾಗಕ್ಕಷ್ಟೇ ಬಿಳಿ ಔಷಧ ಹಚ್ಚಿದೆ. ಜೊತೆಗೊಂದು ಭಾಷಣ ಬಿಗಿದೆ: "ನೀವು ಸ್ವಚ್ಛ ಇರೂದಿಲ್ಲ, ಅದಕ್ಕ ಹಿಂಗ ಆಗತೈತಿ." ಪಾಪ, ಆ ಮಕ್ಕಳು ಮರುದಿನದಿಂದ ಬಟ್ಟೆ ಒಗೆಯುವ ಸಾಬೂನು ಹಚ್ಚಿ, ತೆಂಗಿನ ನಾರಿನಿಂದ ಮೈ ತಿಕ್ಕಿಕೊಳ್ಳತೊಡಗಿದವು. ಚರ್ಮ ಸುಲಿದು, ಕಜ್ಜಿ ಕೀವಾಯಿತು. ವಾರ ಕಳೆಯುವುದರಲ್ಲಿ ತುರಿಸಿಕೊಳ್ಳುವವರ ಸಂಖ್ಯೆ ಇಮ್ಮಡಿಯಾಗಿತ್ತು. ಮತ್ತೆ ಹಚ್ಚಿದೆ. ಮತ್ತೆ ಬಂತು.

ಮೂರನೆಯ ಸಲ ನಮ್ಮ ದೇಸಾಯಿ ಡಾಕ್ಟರಿಗೆ ಹೇಳಿಕಳಿಸಿದೆ. ಆರೋಗ್ಯ ಕೇಂದ್ರದಲ್ಲಿ ನನ್ನ ಮೇಲಿನವರು ಅವರು. ಎತ್ತರದ ಮನುಷ್ಯ, ಮಾತು ಕಡಿಮೆ. ರೋಗಿಯನ್ನು ಕೋಣೆಯೊಳಗೆ ನೋಡಿದ್ದೇ ಇಲ್ಲ. ಕೈಹಿಡಿದು ಕಟ್ಟೆಗೆ ಕರೆದುಕೊಂಡು ಬರುತ್ತಿದ್ದರು. "ಚರ್ಮ ನೋಡಾಕ ಹಗಲ ಬೆಳಕು ಬೇಕು. ಬಲ್ಬು ಸುಳ್ಳು ಹೇಳತೈತಿ" ಅನ್ನುತ್ತಿದ್ದರು.

ಹಾಸ್ಟೆಲ್ಲಿಗೆ ಬಂದವರು ಹುಡುಗಿಯರನ್ನು ನೋಡಲೇ ಇಲ್ಲ. "ಇಲ್ಲಿ ರಾತ್ರಿ ಯಾರ್‍ಯಾರು ಮಲಗ್ತಾರ?" ಎಂದು ಕೇಳಿದರು. ಅಡುಗೆಯ ಗಂಗವ್ವನ ಹೆಸರು ಬಂತು. ಮನೆ ನೆನೆಸಿಕೊಂಡು ಅಳುವ ಸಣ್ಣ ಹುಡುಗಿಯರನ್ನು ಅವಳು ತನ್ನ ಕೌದಿಯೊಳಗೆ ಮಲಗಿಸಿಕೊಳ್ಳುತ್ತಿದ್ದಳು. ಗಂಗವ್ವ ಸೆರಗನ್ನು ಕೈತುಂಬ ಹೊದ್ದು ಬಾಗಿಲ ಮರೆಯಲ್ಲಿ ನಿಂತಿದ್ದಳು. ಅಡುಗೆಯವಳಿಗೆ ಕಜ್ಜಿ ಎಂದು ಗೊತ್ತಾದರೆ ಕೆಲಸ ಹೋದಂತೆಯೇ.

"ಕೈ ತೋರಸಬೇ" ಎಂದು ನಾನು ಗದರಿದೆ.

ಡಾಕ್ಟರು ನನ್ನನ್ನು ತಡೆದರು. "ಗಂಗವ್ವಾ, ನೀ ಈಗ ತೋರಸಬ್ಯಾಡ. ಮೊದಲ ನಮ್ಮ ರಜಿಯಾ ಸಿಸ್ಟರ್ ತಮ್ಮ ಕೈ ತೋರಸ್ಲಿ."

ಎರಡು ದಿನದಿಂದ ನನ್ನ ಬೆರಳ ಸಂದಿಯೂ ತುರಿಸುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಬರುವ ದಾರಿಯಲ್ಲಿ ನಾನು ಕೈ ತಿಕ್ಕಿಕೊಂಡಿದ್ದನ್ನು ಅವರು ನೋಡಿದ್ದರು. ಅಷ್ಟೂ ಹುಡುಗಿಯರ ಎದುರಿಗೆ ಕೈ ಚಾಚಿದೆ. ಹುಡುಗಿಯರು ನಕ್ಕಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆನೋ ಏನೋ, ಆದರೆ ಯಾರೂ ನಗಲಿಲ್ಲ. ಗಂಗವ್ವ ಮಾತ್ರ ಬಾಗಿಲ ಮರೆಯಿಂದ ಬಂದು ನನ್ನ ಪಕ್ಕ ನಿಂತು ತನ್ನ ಕೈಯನ್ನೂ ಚಾಚಿದಳು.

ಅಂದು ಸಂಜೆ ಒಂದೇ ಸೂರಿನ ಕೆಳಗೆ ಮಲಗುವ ಎಲ್ಲರೂ, ತುರಿಕೆ ಇದ್ದವರೂ ಇಲ್ಲದವರೂ, ಜೊತೆಗೆ ನಾನೂ, ಕುತ್ತಿಗೆಯಿಂದ ಅಂಗಾಲಿನವರೆಗೆ ಔಷಧ ಹಚ್ಚಿಕೊಂಡೆವು. ಕೀವಾದವರಿಗೆ ಡಾಕ್ಟರು ಗುಳಿಗೆಯನ್ನೂ ಕೊಟ್ಟರು. ಬಟ್ಟೆಯನ್ನೆಲ್ಲ ಬಿಸಿನೀರಿನಲ್ಲಿ ಅದ್ದಿ ಬಿಸಿಲಿಗೆ ಹರವಿದೆವು. ವಾರ ಬಿಟ್ಟು ಇನ್ನೊಮ್ಮೆ. ಕಜ್ಜಿ ಹೋಯಿತು. ಗಂಗವ್ವನ ಕೆಲಸ ಹೋಗಲಿಲ್ಲ. ಕಜ್ಜಿ ಹೊಲಸು ಮಂದಿಯ ರೋಗವಲ್ಲ, ಒತ್ತೊತ್ತಾಗಿ ಮಲಗುವವರ ರೋಗ ಎಂದು ಕಲಿತೆ. ಅದಕ್ಕಿಂತ ಹೆಚ್ಚಾಗಿ, ನಾಚಿಕೆಪಡಿಸಿದರೆ ಚರ್ಮದ ರೋಗ ಸೆರಗಿನೊಳಗೆ ಹೋಗಿ ಕೂರುತ್ತದೆ ಎಂದು ಕಲಿತೆ.

ಕಲಿತೆ ಅಂದೆ. ಆದರೆ ಅದಕ್ಕಿಂತ ದೊಡ್ಡ ತಪ್ಪು ಮುಂದೆ ಕಾದಿತ್ತು.

ಮೂರ್ನಾಲ್ಕು ವರ್ಷದ ನಂತರದ ಮಾತು. ಮಾಳಪ್ಪ ಎಂಬ ಕುರಿಗಾರ ಉಪಕೇಂದ್ರಕ್ಕೆ ಬಂದ. ನನಗಿಂತ ಹತ್ತು ವರ್ಷ ದೊಡ್ಡವನು, ಗಟ್ಟಿಮುಟ್ಟಾದ ಆಳು, ಬೀರಪ್ಪನ ಗುಡಿಯಲ್ಲಿ ಡೊಳ್ಳಿನ ಪದ ಹಾಡುವವನು. ಅವನ ಹೆಂಡತಿ ಲಕ್ಕವ್ವ ಅವನನ್ನು ದಬ್ಬಿಕೊಂಡೇ ಬಂದಿದ್ದಳು. ಅಂಗಾಲಿನಲ್ಲಿ ತೂತು. ಚಪ್ಪಲಿಯ ಮೊಳೆ ಒಳಗೆ ಹೋಗಿತ್ತು.

"ಯಾವಾಗ ಹೊಕ್ಕಿತ್ತು?" ಎಂದೆ.

"ಯಾರಿಗೆ ಗೊತ್ತರೀ. ಚಪ್ಪಲ್ಯಾಗ ರಕ್ತ ಕಂಡು ಇಕಿ ಒದರಾಡಿದ್ಲು. ನನಗೇನೂ ಆಗಿಲ್ಲ" ಎಂದು ಮಾಳಪ್ಪ ನಕ್ಕ.

ಗಾಯ ತೊಳೆದೆ, ಇಂಜೆಕ್ಷನ್ ಕೊಟ್ಟೆ, ಪಟ್ಟಿ ಕಟ್ಟಿದೆ, ಅವನ ಧೈರ್ಯವನ್ನು ಹೊಗಳಿ ಕಳಿಸಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಡಾಕ್ಟರಿಗೆ ಅದನ್ನೇ ತಮಾಷೆಯಾಗಿ ಹೇಳಿದೆ. ಅವರು ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟರು.

"ಮೊಳಿ ಹೊಕ್ಕಿದ್ದು ಗೊತ್ತಾಗಿಲ್ಲ ಅಂದ್ನಾ? ಯಾಕ ಗೊತ್ತಾಗಿಲ್ಲಂತ ನೀವು ಕೇಳಲಿಲ್ಲಾ?"

ನಾನು ಕೇಳಿರಲಿಲ್ಲ. ಆಗಲೇ ಮಾಳಪ್ಪ ಕುರಿ ಹೊಡೆದುಕೊಂಡು ಹೊರಟುಹೋಗಿದ್ದ. ಮಲಪ್ರಭೆಯ ದಂಡೆಗುಂಟ ಹೋದ ಅಂದರು ಒಬ್ಬರು, ಐಹೊಳೆಯ ಕಡೆ ಕಂಡಿದ್ದ ಅಂದರು ಇನ್ನೊಬ್ಬರು. ಕೆರೂರ ಸಂತೆಗೆ ಬಂದ ಪ್ರತಿ ಕುರಿಗಾರನಿಗೂ ಹೇಳಿಕಳಿಸಿದೆ. ಅವನು ಮರಳಿ ಸಿಕ್ಕಿದ್ದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ತೂತು ಹುಣ್ಣಾಗಿತ್ತು, ವಾಸನೆ ಬರುತ್ತಿತ್ತು. ಅವನು ಅದೇ ಕಾಲಲ್ಲಿ ದಿನಾ ಹರದಾರಿಗಟ್ಟಲೆ ನಡೆಯುತ್ತಿದ್ದ.

ಡಾಕ್ಟರು ಕಟ್ಟೆಯ ಮೇಲೆ ಕೂರಿಸಿ, ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯಿಂದ ಕಾಲನ್ನು ಮುಟ್ಟಿದರು. "ಎಲ್ಲಿ ಮುಟ್ಟಿದೆ, ಬೆರಳಿಟ್ಟು ತೋರಸು." ಮಾಳಪ್ಪ ಸುಮ್ಮನೆ ಕುಳಿತಿದ್ದ. ಇನ್ನೂ ಮುಟ್ಟಿಯೇ ಇಲ್ಲ ಎಂದುಕೊಂಡಿದ್ದ. ಬೆನ್ನ ಮೇಲೆ ತಿಳಿಬಣ್ಣದ ಮಚ್ಚೆಗಳಿದ್ದವು. ಅಲ್ಲಿಯೂ ಅವನಿಗೆ ಏನೂ ತಿಳಿಯಲಿಲ್ಲ. ಕುಷ್ಠ.

ಆ ಮಾತು ಕೇಳಿ ಮಾಳಪ್ಪನ ನಗು ನಿಂತಿತು. ಲಕ್ಕವ್ವ ಮಾತ್ರ ನೇರ ಕೇಳಿದಳು: "ಔಷಧಿ ಐತೇನ್ರಿ?"

"ಐತಿ" ಎಂದರು ಡಾಕ್ಟರು. "ಪುಕ್ಕಟೆ. ಒಂದು ವರ್ಷ ಬಿಡದ ನುಂಗಬೇಕು. ರೋಗ ಪೂರಾ ಹೋಗತೈತಿ. ಗುಳಿಗಿ ಶುರು ಮಾಡಿದ ಮ್ಯಾಲ ನಿನಗಾಗ್ಲಿ ಮಗಳಿಗಾಗ್ಲಿ ಇವನಿಂದ ಅಂಟೂದಿಲ್ಲ. ಆದ್ರೂ ನಿಮ್ಮಿಬ್ಬರ ಮೈನೂ ಒಮ್ಮೆ ನೋಡಬೇಕು. ಆದ್ರ ಸತ್ತ ನರ ತಿರುಗಿ ಬರತೈತಿ ಅಂತ ನಾ ಹೇಳೂದಿಲ್ಲ. ಇನ್ನ ಮ್ಯಾಲ ಕಾಲು ತಾನಾಗೇ ನಿನಗ ಏನೂ ಹೇಳೂದಿಲ್ಲ ಮಾಳಪ್ಪಾ. ನೀನ ದಿನಾ ಅದನ್ನ ಕೇಳಬೇಕು."

ಮಾಳಪ್ಪ ವರ್ಷವಿಡೀ ಗುಳಿಗೆ ನುಂಗಿದ. ಒಂದು ದಿನವೂ ತಪ್ಪಿಸಲಿಲ್ಲ. ರೋಗ ಹೋಯಿತು, ಹುಣ್ಣು ಮಾತ್ರ ಮಾಯುತ್ತಿತ್ತು, ಬರುತ್ತಿತ್ತು. ದೊಡ್ಡ ದವಾಖಾನೆಯಲ್ಲಿ ತೋರಿಸಿದಾಗ, ಹೀಗೇ ಆದರೆ ಪಾದದ ಮುಂಭಾಗ ತೆಗೆಯಬೇಕಾದೀತು ಅಂದರು. ಆ ಮಾತು ಕೇಳಿ ಬಂದ ದಿನ ಅವನು ನನ್ನ ಉಪಕೇಂದ್ರದ ಮೆಟ್ಟಿಲ ಮೇಲೆ ಕುಳಿತು, "ಅರ್ಧ ಕಾಲಿನ ಕುರಿಗಾರನ್ನ ಯಾವ ಕುರಿ ಕಾಯತೈತ್ರಿ" ಎಂದ. ಮೊದಲ ದಿನವೇ ನಾನು ಒಂದು ಪ್ರಶ್ನೆ ಕೇಳಿದ್ದರೆ ಅವನು ಅಲ್ಲಿ ಕೂರುತ್ತಿರಲಿಲ್ಲ. ಅಂದು ಅವನಿಗೆ ಅದನ್ನೇ ಹೇಳಿದೆ. "ತಪ್ಪು ನಂದೂ ಐತಿ, ಮಾಳಪ್ಪಣ್ಣಾ." ಅವನು "ಇರ್ಲಿ ಬಿಡ್ರಿ ಅಕ್ಕಾರ. ಈಗ ಏನ್ ಮಾಡೂದು ಹೇಳ್ರಿ" ಎಂದ.

ಆರು ವಾರ ಕಾಲು ನೆಲಕ್ಕಿಡಬಾರದು ಎಂದು ಡಾಕ್ಟರು ಹೇಳಿದರು. ಲಕ್ಕವ್ವ ತನ್ನ ತಮ್ಮನನ್ನು ಕರೆಸಿಕೊಂಡು ತಾನೇ ಕುರಿ ಹಿಂದೆ ಹೋದಳು. ದಿನ ಬಿಟ್ಟು ದಿನ ನಾನು ಪಟ್ಟಿ ಬದಲಿಸಿದೆ. ಹುಣ್ಣು ಮುಚ್ಚಿತು. ಅದು ಮತ್ತೆ ತೆರೆಯದಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ. ದಿನಾ ಇಪ್ಪತ್ತು ನಿಮಿಷ ತಗಡಿನ ಬುಟ್ಟಿಯ ತಣ್ಣೀರಿನಲ್ಲಿ ಕಾಲು ನೆನೆಸಬೇಕು, ದಪ್ಪಗಾದ ಚರ್ಮವನ್ನು ಮೆಲ್ಲಗೆ ಕಲ್ಲಿನಿಂದ ಉಜ್ಜಬೇಕು, ಹಸಿ ಇರುವಾಗಲೇ ಎಣ್ಣೆ ಹಚ್ಚಬೇಕು, ಅಂಗಾಲು ನೋಡಿಕೊಳ್ಳಬೇಕು. ನಾನು ಪುಸ್ತಕದಲ್ಲಿದ್ದಂತೆ ಇದನ್ನೆಲ್ಲ ಒಪ್ಪಿಸಿದೆ.

ಮಾಳಪ್ಪ ಕೇಳಿ ಮುಗಿಸಿ, "ಕುರಿಗೆ ಕುಡಿಯಾಕ ನೀರು ಹುಡುಕೂದ್ರಾಗ ಹಗಲು ಮುಗೀತೈತಿ. ಬುಟ್ಟಿ ನೀರಾಗ ಕಾಲಿಟ್ಟು ಕುಂದ್ರು ಅಂತೀರಿ" ಎಂದ.

ಉತ್ತರ ಲಕ್ಕವ್ವನ ಹತ್ತಿರವಿತ್ತು. "ಬುಟ್ಟಿ ನೀರು ಯಾಕ ಬೇಕು? ಕಟಕ ರೊಟ್ಟಿ ಮೆತ್ತಗಾಗ್ಲಿ ಅಂತ ಹಸಿ ಅರಿವ್ಯಾಗ ಸುತ್ತಿ ಇಡೂದಿಲ್ಲೇನು? ಕಾಲು ರೊಟ್ಟಿಗಿಂತ ಕಡಿಮಿ ಆತೇನು?"

ಡಾಕ್ಟರಿಗೆ ಹೇಳಿದೆ. ಅವರು ಬಹಳ ಹೊತ್ತು ನಕ್ಕು, "ಅರಿವಿ ಸ್ವಚ್ಛ ಇರ್ಲಿ, ಒಣಗಾಕ ಬಿಡಬ್ಯಾಡ್ರಿ. ಮಾಡ್ರಿ" ಅಂದರು. ಒಂದು ತಂಬಿಗೆ ನೀರಿನಲ್ಲಿ ಕೆಲಸವಾಯಿತು. ಕುರಿ ಮಧ್ಯಾಹ್ನ ನೆರಳಿಗೆ ಮಲಗಿ ಮೆಲುಕು ಹಾಕುವಾಗ ಮಾಳಪ್ಪ ಕಾಲಿಗೆ ಹಸಿ ಅರಿವೆ ಸುತ್ತಿ ಕೂರುತ್ತಿದ್ದ. ಗಡಿಯಾರವಿಲ್ಲದ್ದಕ್ಕೆ ಬೀರಪ್ಪನ ಒಂದು ಉದ್ದನೆಯ ಪದ ಹಾಡುತ್ತಿದ್ದ. ಪದ ಮುಗಿದರೆ ಇಪ್ಪತ್ತು ನಿಮಿಷ. ಮೊದಲೆಲ್ಲ ಚೂರಿಯಿಂದ ಅಂಗಾಲಿನ ಚರ್ಮ ಕೆತ್ತುತ್ತಿದ್ದವನು ಈಗ ಬಾದಾಮಿ ಕಡೆಯ ನುಣುಪಾದ ಮರಳುಗಲ್ಲಿನ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡ. ಎಣ್ಣೆಗೆ ಮನೆಯ ಕುಸುಬಿ ಎಣ್ಣೆ.

ಇನ್ನು ಉಳಿದದ್ದು ಚಪ್ಪಲಿ. ಮೆತ್ತನೆಯ ರಬ್ಬರಿನ ಕರಿ ಚಪ್ಪಲಿಯನ್ನು ನಾವೇ ಕೊಡುತ್ತಿದ್ದೆವು. ಜನ ತೆಗೆದುಕೊಂಡು ಹೋಗಿ ಅಟ್ಟಕ್ಕೆ ಎಸೆಯುತ್ತಿದ್ದರು. ಯಾಕೆಂದು ನನಗೆ ವರ್ಷಗಟ್ಟಲೆ ತಿಳಿಯಲಿಲ್ಲ. ಒಮ್ಮೆ ಮಾಳಪ್ಪನೇ ಹೇಳಿದ: "ಆ ಚಪ್ಪಲಿ ಮೆಟ್ಟಿದ್ರ ಸಂತ್ಯಾಗ ಚಾದಂಗಡಿಯಂವ ಕಪ್ಪು ಬ್ಯಾರೆ ಕೊಡ್ತಾನ್ರಿ." ಅಷ್ಟು ದೂರದಿಂದಲೇ ಆ ಚಪ್ಪಲಿ ರೋಗದ ಹೆಸರು ಹೇಳುತ್ತಿತ್ತು. ಕೆರೂರ ಸಂತೆಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಹಣಮಂತನ ಮುಂದೆ ಆ ಕರಿ ಚಪ್ಪಲಿ ಇಟ್ಟು, ಕುರಿಗಾರರು ಹಾಕಿಕೊಳ್ಳುವಂಥದ್ದೇ ಕಾಣಬೇಕು, ಒಳಗೆ ಈ ಮೆತ್ತನೆ ರಬ್ಬರು ಇರಬೇಕು, ಒಂದೂ ಮೊಳೆ ಇರಬಾರದು ಎಂದೆ. ಅವನು ಎರಡು ಸಲ ಕೆಡಿಸಿ ಮೂರನೆಯ ಸಲ ಸರಿಮಾಡಿದ. ಆ ಚಪ್ಪಲಿ ಮೆಟ್ಟಿ ಮಾಳಪ್ಪ ಚಾದಂಗಡಿಗೆ ಹೋಗಿ ಎಲ್ಲರ ಕಪ್ಪಿನಲ್ಲೇ ಚಹಾ ಕುಡಿದು ಬಂದು ನನಗೆ ವರದಿ ಒಪ್ಪಿಸಿದ.

ಮಾಳಪ್ಪನಂಥ ಉಳಿದವರಿಗೂ ನಾನು ಇದನ್ನೇ ಕಲಿಸುತ್ತ ತಿರುಗುತ್ತಿದ್ದಾಗ ದೇಸಾಯಿ ಡಾಕ್ಟರು ವರ್ಗವಾಗಿ ಹೋದರು. ಅವರ ನಂತರ ಬಂದ ಒಬ್ಬ ಮೇಲಧಿಕಾರಿ ಸಭೆಯಲ್ಲಿ ನನ್ನನ್ನು ನಿಲ್ಲಿಸಿ, ಕಾಲು ತೊಳೆಸುತ್ತ ಊರೂರು ತಿರುಗುವುದನ್ನು ವರದಿಯ ಯಾವ ಕಾಲಮ್ಮಿನಲ್ಲಿ ಬರೆಯಬೇಕು ಎಂದು ಕೇಳಿದರು. ಎಲ್ಲರೂ ನಕ್ಕರು. ಬಾರದೆ ಹೋದ ಹುಣ್ಣಿಗೆ ಕಾಲಮ್ಮು ಇರಲಿಲ್ಲ ನಿಜ. ಈಗಾದರೆ ಹಾಗೆಯೇ ಹೇಳುತ್ತಿದ್ದೆ. ಅಂದು ತಲೆತಗ್ಗಿಸಿ ಕೂತೆ. ತಿರುಗಾಟ ಮಾತ್ರ ಬಿಡಲಿಲ್ಲ.

ಆಮೇಲೆ ನಾನು ವರ್ಗವಾಗಿ ಇಳಕಲ್ಲಿನಲ್ಲಿದ್ದಾಗಿನ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಈಗಿನ ಹುಡುಗಿಯರು ದಿನಾ ನೋಡುವುದು ಇದನ್ನೇ. ಸವಿತಾ ಎಂಬ ನೇಕಾರರ ಮನೆಯ ಹುಡುಗಿ ಮುಖದ ತುಂಬ ಸೆರಗು ಹೊದ್ದು ಬಂದಳು. ನಿಶ್ಚಯ ಆಗಿತ್ತು. ಸೆರಗು ಸರಿಸಿದರೆ ಕೆನ್ನೆ ಕೆಂಡದಂತೆ ಕೆಂಪು, ಸಣ್ಣ ಸಣ್ಣ ಗುಳ್ಳೆ, ಗದ್ದದ ಮೇಲೆ ಕೂದಲು. ಗಜಕರ್ಣಕ್ಕೆಂದು ಮನೆಯವರು ಅಂಗಡಿಯಿಂದ ತಂದಿದ್ದ ಟ್ಯೂಬನ್ನು, ಹಚ್ಚಿದರೆ ಬೆಳ್ಳಗಾಗುತ್ತಾರೆ ಎಂದು ಗೆಳತಿ ಹೇಳಿದ್ದಕ್ಕೆ, ಆರು ತಿಂಗಳು ಮುಖಕ್ಕೆ ಹಚ್ಚಿಕೊಂಡಿದ್ದಳು. ಮೊದಲ ತಿಂಗಳು ನಿಜಕ್ಕೂ ಹೊಳಪು ಬಂದಿತ್ತಂತೆ. ಒಳಗಿದ್ದ ಸ್ಟೀರಾಯ್ಡು ಆಮೇಲೆ ತನ್ನ ಬುದ್ಧಿ ತೋರಿಸಿತು.

"ಬಿಟ್ರ ಉರೀತೈತ್ರಿ, ಹಚ್ಚಿದ್ರ ಕೆಂಪಾಗತೈತಿ. ಮದಿವಿ ಮುಂದ ಹಾಕ್ಲೇನ್ರಿ?" ಎಂದು ಅತ್ತಳು.

ಬಾಗಲಕೋಟೆಯ ಚರ್ಮದ ವೈದ್ಯರ ಹತ್ತಿರ ಕರೆದೊಯ್ದೆ. ಅವರು ಆ ಟ್ಯೂಬನ್ನು ಹೇಗೆ ಬಿಡಬೇಕೆಂದು ಹೇಳಿ, ಮುಲಾಮು ಬರೆದುಕೊಟ್ಟರು. ಮನೆಯಲ್ಲಿ ನಾನು ಹೇಳಿದ್ದು ಬಹಳ ಸಾದಾ: ಮೆತ್ತನೆ ಸಾಬೂನು, ತಿಕ್ಕಬಾರದು, ಬಿಸಿಲಿಗೆ ಹೋಗುವಾಗ ಸೆರಗು, ಉಳಿದವರ ಸಲಹೆ ಬೇಡ. ಕೊನೆಯದೇ ಕಷ್ಟದ ಪಥ್ಯ. ಐದಾರು ತಿಂಗಳಲ್ಲಿ ಮುಖ ತಿಳಿಯಾಯಿತು. ಅದಕ್ಕೂ ಮೊದಲೇ ಸವಿತಾ ಧೈರ್ಯ ಮಾಡಿ ಭಾವಿ ಅತ್ತೆಯ ಮುಂದೆ ಸೆರಗು ಸರಿಸಿ ಎಲ್ಲ ಹೇಳಿದಳಂತೆ. ಆಕೆ ಟ್ಯೂಬಿನ ಹೆಸರು ಕೇಳಿ ಗಾಬರಿಯಾಗಿ, "ಯವ್ವಾ, ಅದನ್ನ ನನ್ನ ಮಗಾನೂ ಹಚ್ಚಾಕತ್ತಾನ" ಎಂದಳಂತೆ. ಮದುವೆಗೆ ಮುಂಚೆ ಗಂಡು-ಹೆಣ್ಣು ಇಬ್ಬರೂ ಒಂದೇ ವೈದ್ಯರ ಹತ್ತಿರ ಹೋಗಿಬಂದರು. ಮದುವೆ ನಿಗದಿಯಾದ ದಿನವೇ ಆಯಿತು.

ನನ್ನ ಕಡೆಯ ಐದು ವರ್ಷ ಹುನಗುಂದದಲ್ಲಿ ಕಳೆದವು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಕುಷ್ಠ ಅಪರೂಪವಾಗಿ, ಸಕ್ಕರೆ ಕಾಯಿಲೆ ಮನೆಮನೆಗೂ ಬಂದಿತ್ತು. ಹೊಸ ಡಾಕ್ಟರಮ್ಮ ಒಬ್ಬರು ಸಕ್ಕರೆ ಕಾಯಿಲೆಯವರ ಕಾಲನ್ನು ಪರೀಕ್ಷಿಸುವುದನ್ನು ನೋಡಿ ಬೆರಗಾದೆ. ಕಣ್ಣು ಮುಚ್ಚಿಸಿ ಮುಟ್ಟುತ್ತಿದ್ದರು. ಅದೇ ಪ್ರಶ್ನೆ, ಅದೇ ಮೌನ. ರೋಗ ಬೇರೆ, ಜೋಮು ಹಿಡಿದ ಕಾಲು ಒಂದೇ. ಸಕ್ಕರೆಯವರು ಕಾಲನ್ನು ನೆನೆಸಿಡಬಾರದು, ತೊಳೆದು, ಬೆರಳ ಸಂದಿ ಒರೆಸಿ, ಸಂದಿ ಬಿಟ್ಟು ಉಳಿದೆಡೆ ಎಣ್ಣೆ ಹಚ್ಚಬೇಕು ಎಂಬ ವ್ಯತ್ಯಾಸವನ್ನು ಅವರಿಂದ ಕಲಿತೆ. ಅಂಗಾಲು ನೋಡಿಕೊಳ್ಳುವುದು ಇಬ್ಬರಿಗೂ ಸಮ. ಡಾಕ್ಟರಮ್ಮನ ಒಪ್ಪಿಗೆ ಪಡೆದು ಮಂಗಳವಾರ ಬೆಳಿಗ್ಗೆ ದವಾಖಾನೆಯ ಕಟ್ಟೆಯ ಮೇಲೆ ಇಂಥವರನ್ನೆಲ್ಲ ಸೇರಿಸತೊಡಗಿದೆ. ಕಾಲು ತೊಳೆಯಲು ಒಬ್ಬೊಬ್ಬರಿಗೂ ಒಂದೊಂದು ಬುಟ್ಟಿ.

ಕಲಿಸಲು ಮಾಳಪ್ಪಣ್ಣನನ್ನೇ ಕರೆದೆ. ಅವನ ಮಗಳನ್ನು ಹುನಗುಂದದ ಹತ್ತಿರದ ಊರಿಗೆ ಕೊಟ್ಟಿದ್ದರು. ಕುರಿಯನ್ನು ಮೈದುನನಿಗೆ ಒಪ್ಪಿಸಿ ಗಂಡಹೆಂಡತಿ ಅಲ್ಲೇ ಬಂದು ನೆಲೆಸಿದ್ದರು. ಎರಡೂ ಕಾಲು ಪೂರ್ತಿಯಾಗಿದ್ದವು.

ಮೂರನೆಯ ಮಂಗಳವಾರ ಬಸವರಾಜ ಮಾಸ್ತರರು ಬಂದರು. ನಿವೃತ್ತ ಹೆಡ್‌ಮಾಸ್ತರು, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಕುಳಿತವರು ಮಾಳಪ್ಪನ ಸೊಟ್ಟಗಾಗಿದ್ದ ಕಾಲ್ಬೆರಳುಗಳನ್ನು ನೋಡಿದರು. ಆಮೇಲೆ ನನ್ನನ್ನು ಕರೆದು, ಎಲ್ಲರಿಗೂ ಕೇಳುವಂತೆ, "ಸಿಸ್ಟರ್, ಅವನ ಬುಟ್ಟಿ ಬ್ಯಾರೆ ಕಡೆ ಇಡಸ್ರಿ" ಎಂದರು.

"ಸರ್, ಅವರಿಗೆ ರೋಗ ಹೋಗಿ ಇಪ್ಪತ್ತು ವರ್ಷದ ಮ್ಯಾಲಾತು" ಎಂದೆ.

ಮಾಳಪ್ಪಣ್ಣ ತನ್ನ ಬುಟ್ಟಿ ಎತ್ತಿಕೊಂಡು ಹೋಗಿ ಬೇವಿನ ಗಿಡದ ಕೆಳಗೆ ಕುಳಿತ. ನಾನೂ ಕುರ್ಚಿ ಎತ್ತಿಕೊಂಡು ಅಲ್ಲಿಗೇ ಹೋದೆ. ಒಬ್ಬೊಬ್ಬರಾಗಿ ಉಳಿದವರೂ ಬಂದರು. ಮಾಸ್ತರರು ಕಟ್ಟೆಯ ಮೇಲೆ ಒಬ್ಬರೇ ಉಳಿದು, ಎದ್ದು ಮನೆಗೆ ಹೋದರು. ಮುಂದಿನ ವಾರ ಬರಲಿಲ್ಲ. ನನಗೂ ಬರಲಿ ಅನ್ನಿಸಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ತಿಂಗಳೊಪ್ಪತ್ತಿನ ನಂತರ ಮಾಳಪ್ಪಣ್ಣ ಬಸ್‌ಸ್ಟ್ಯಾಂಡಿನ ರಸ್ತೆಯಲ್ಲಿ ಬರುತ್ತಿದ್ದ. ನೆಲ ನೋಡಿ ನಡೆಯುವುದು ಅವನಿಗೆ ರೂಢಿ. ಫರಸಿ ಕಲ್ಲಿನ ಮೇಲೆ ಒಂದು ರಕ್ತದ ಕಲೆ ಕಂಡಿತು, ಹತ್ತು ಹೆಜ್ಜೆಗೆ ಇನ್ನೊಂದು. ಕಲೆಗಳ ಹಿಂದೆಯೇ ಹೋದರೆ ಮುಂದೆ ಮಾಸ್ತರರು ಚೀಲ ಹಿಡಿದು ಆರಾಮಾಗಿ ನಡೆದಿದ್ದರು. ತೆಳು ಚಪ್ಪಲಿ ಸೀಳಿ ಗಾಜಿನ ಚೂರು ಅಂಗಾಲಿಗೆ ಹೊಕ್ಕಿತ್ತು.

"ಮಾಸ್ತರ, ಕುಂದರ್ರಿ" ಎಂದನಂತೆ ಮಾಳಪ್ಪಣ್ಣ.

"ಯಾಕೋ?"

"ನಿಮ್ಮ ಕಾಲು ಅಳಾಕತ್ತೈತಿ. ನಿಮಗ ಕೇಳಸವಲ್ಲದು."

ಅಲ್ಲೇ ಅಂಗಡಿಯ ಕಟ್ಟೆಗೆ ಕೂರಿಸಿ, ಚಪ್ಪಲಿ ಬಿಚ್ಚಿ ರಕ್ತ ತೋರಿಸಿದ. ಗಾಜನ್ನು ಕೀಳಲಿಲ್ಲ. ತಂಬಿಗೆ ನೀರು ಇಸಿದುಕೊಂಡು ತೊಳೆದು, ತನ್ನ ರುಮಾಲಿನ ತುದಿ ಹರಿದು ಸಡಿಲಾಗಿ ಸುತ್ತಿ, ಆಟೋದಲ್ಲಿ ಕೂರಿಸಿಕೊಂಡು ನಮ್ಮಲ್ಲಿಗೆ ಕರೆತಂದ. ಡಾಕ್ಟರಮ್ಮ ಗಾಜು ತೆಗೆಯುವಾಗ ಮಾಸ್ತರರು ತಮ್ಮ ಕಾಲನ್ನೇ ನೋಡುತ್ತಿದ್ದರು. ಬೇರೆಯವರ ಕಾಲನ್ನು ನೋಡುವಂತೆ. "ಖರೇನ ಗೊತ್ತಾಗವಲ್ಲದು" ಎಂದು ಮೆಲ್ಲಗೆ ಹೇಳಿದರು. ಮಾಳಪ್ಪಣ್ಣ ಅವರ ಕೈ ಹಿಡಿದುಕೊಂಡು ನಿಂತಿದ್ದ.

ಗಾಯ ಮಾಯಲು ಏಳೆಂಟು ವಾರ ಹಿಡಿಯಿತು. ಮಾಯಿತು. ನನ್ನ ಸೇವೆಯ ಕೊನೆಯ ತಿಂಗಳ ಒಂದು ಮಂಗಳವಾರ ಮಾಸ್ತರರು ಬೇವಿನ ಗಿಡದ ಕೆಳಗೆ ಬಂದರು. ಮಾಳಪ್ಪಣ್ಣನ ಪಕ್ಕದ ಕುರ್ಚಿಯಲ್ಲಿ ಕುಳಿತರು.

"ಮಾಳಪ್ಪಾ, ಅವತ್ತು ನಾ ಹಂಗ ಅನಬಾರದಿತ್ತು."

"ಇರ್ಲಿ ಬಿಡ್ರಿ."

"ನನಗ ಬಗ್ಗಿ ಅಂಗಾಲು ನೋಡಾಕ ಆಗೂದಿಲ್ಲ. ಮನ್ಯಾಗ ಯಾರೂ ಇಲ್ಲ. ನೀ ನೋಡ್ತೀಯೇನು?"

"ನೋಡ್ತೇನ್ರಿ" ಎಂದ ಮಾಳಪ್ಪಣ್ಣ. "ನಿಮ್ಮ ರಕ್ತದ ಕಲಿ ದೂರಿಂದ ಕಂಡ್ವು. ಕಣ್ಣಿನ ಹಂತೇಕ ಹಿಡಿದ್ರ ಮಾತ್ರ ನನಗ ಎಲ್ಲಾ ಮಸುಕು. ಕೈಲೇ ತಡವಿ ನೋಡ್ತೇನಿ. ನನ್ನವನ್ನ ನೀವು ಕಣ್ಣೀಲೆ ನೋಡ್ರಿ."

ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮಾಳಪ್ಪಣ್ಣನ ಪಾದವನ್ನು ಎರಡೂ ಕೈಯಲ್ಲಿ ಎತ್ತಿ ತಮ್ಮ ಬಿಳಿ ಧೋತರದ ಮೇಲಿಟ್ಟುಕೊಂಡು, ಬೆರಳ ಸಂದಿಯಿಂದ ಹಿಮ್ಮಡಿಯವರೆಗೆ, ಮಕ್ಕಳ ಪೇಪರು ತಿದ್ದುವಷ್ಟು ನಿಧಾನವಾಗಿ ನೋಡಿದರು.

"ಚಲೋ ಐತಿ" ಎಂದರು. "ಇನ್ನೊಂದು ಕಾಲು ಕೊಡು."